ಒಳಕರೆಯ ಸುಂಕ

ಅಂಚೆಚೀಟಿ ಹಚ್ಚದೆ ಪೆಟ್ಟಿಗೆಗೆ ಹಾಕಿದ ಕಾಗದವನ್ನು ಬೇರಿಂಗ್ ಕಾಗದವೆನ್ನುತ್ತಿದ್ದುದು ಹಿರಿಯ ಕೇಳುಗರಿಗೆ ನೆನಪಿರಬಹುದು. ಬರೆದವನು ನಿಶ್ಚಿಂತ, ಪಡೆದವನು ಇಮ್ಮಡಿ ತೆತ್ತು ಬಿಡಿಸಿಕೊಳ್ಳಬೇಕು. ನಮ್ಮ ದೇಶಕ್ಕೆ 1995ರಲ್ಲಿ ಮೊಬೈಲು ಬಂದ ಮೇಲೆ ಕೆಲವು ವರ್ಷ ಪ್ರತಿಯೊಂದು ಕರೆಯೂ ಅರ್ಧ ಬೇರಿಂಗ್ ಕಾಗದವೇ ಆಗಿತ್ತು. ಕರೆದವನೂ ತೆರಬೇಕು, ಕರೆಸಿಕೊಂಡವನೂ ತೆರಬೇಕು. 2003ರ ಮೇ 1ರಿಂದ ಕರೆದವನದೇ ಖರ್ಚು, ಒಳಕರೆ ಪುಕ್ಕಟೆ ಎಂದಾಯಿತು. ಒಂದು ಸಲ ಗಂಟೆ ಬಾರಿಸಿ ಇಟ್ಟುಬಿಡುವ ಮಿಸ್ಡ್ ಕಾಲ್ ವಿದ್ಯೆಯಲ್ಲಿ ನಮ್ಮವರು ಪಾರಂಗತರಾದದ್ದು ಆಮೇಲೆಯೇ.

ಪುಕ್ಕಟೆ ಎಂದರೆ ಯಾರೂ ಏನೂ ಕೊಡುತ್ತಿರಲಿಲ್ಲ ಎಂದಲ್ಲ. ಬೆಂಗಳೂರಿನಲ್ಲಿ ಸುಂಕದಕಟ್ಟೆ ಎಂಬ ಬಡಾವಣೆಯುಂಟಷ್ಟೆ. ಟೆಲಿಫೋನಿನ ದಾರಿಯಲ್ಲಿಯೂ ಅಂಥದೊಂದು ಕಟ್ಟೆಯುಂಟು. ಒಂದು ಕಂಪನಿಯ ಗಿರಾಕಿ ಇನ್ನೊಂದು ಕಂಪನಿಯ ಗಿರಾಕಿಯನ್ನು ಕರೆದರೆ, ಮೊದಲನೆಯದು ಎರಡನೆಯದಕ್ಕೆ ನಿಮಿಷಕ್ಕಿಷ್ಟೆಂದು ಸಂಪರ್ಕ ಶುಲ್ಕ ಕೊಡಬೇಕು. ನಮ್ಮ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವು 2004ರಲ್ಲಿ ಇದನ್ನು 30 ಪೈಸೆ ಎಂದು ಗೊತ್ತುಮಾಡಿತು. 2009ರಲ್ಲಿ ಅದು 20 ಪೈಸೆಯಾಯಿತು, 2015ರಲ್ಲಿ 14, 2017ರಲ್ಲಿ 6. ಆ ಆರು ಪೈಸೆಗಾಗಿ ಕಂಪನಿಗಳು ಆಡಿದ ಜಗಳ ಸಣ್ಣದಲ್ಲ. 2019ರ ಅಕ್ಟೋಬರಿನಲ್ಲಿ ಒಂದು ಕಂಪನಿ ಅದನ್ನು ನೇರವಾಗಿ ಗಿರಾಕಿಗಳಿಂದಲೇ ವಸೂಲು ಮಾಡತೊಡಗಿತು. ಕೊನೆಗೆ 2021ರ ಜನವರಿ 1ರಿಂದ ದೇಶದೊಳಗಿನ ಕರೆಗಳಿಗೆ ಸುಂಕದ ಕಟ್ಟೆಯೇ ಎದ್ದುಹೋಯಿತು.

ಹೊರದೇಶಗಳಲ್ಲಿ ಹೇಗೆ? ಅಮೆರಿಕದಲ್ಲಿ ಬಹುಕಾಲ ಒಳಕರೆಯ ನಿಮಿಷಗಳನ್ನೂ ಗಿರಾಕಿಯ ಲೆಕ್ಕಕ್ಕೇ ಹಿಡಿಯುತ್ತಿದ್ದರು. ಕಂಪನಿಗಳು ಪರಸ್ಪರ ಕೊಟ್ಟುಕೊಳ್ಳುವುದನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು ಅಲ್ಲಿನ ನಿಯಂತ್ರಕರು 2011ರಲ್ಲಿ ತೀರ್ಮಾನಿಸಿದರು. ಯುರೋಪಿನ ಒಕ್ಕೂಟದವರು ಸುಂಕವನ್ನು ತೆಗೆಯಲಿಲ್ಲ, ಇಳಿಸಿದರು. 2024ರಿಂದ ಅಲ್ಲಿ ಮೊಬೈಲಿಗೆ ಮುಟ್ಟುವ ಕರೆಗೆ ನಿಮಿಷಕ್ಕೆ ಒಂದು ಸೆಂಟಿನ ಐದರಲ್ಲೊಂದು ಪಾಲು. ನಮ್ಮ ಕಾಸಿನಲ್ಲಿ ಇಪ್ಪತ್ತು ಪೈಸೆಯ ಆಸುಪಾಸು. ಹಾಗಾದರೆ ಸುಂಕ ಸೊನ್ನೆಯಾದ ನಾವೇ ಗೆದ್ದವರಲ್ಲವೆ ಎಂದು ನಾನೂ ತಿಳಿದಿದ್ದೆ.

ನನ್ನ ತಿಳಿವಳಿಕೆಯನ್ನು ತಿದ್ದಿದವರು ಅಂಜನಾಪುರದ ನಮ್ಮ ಬೀದಿಯ ಹೂವಿನ ಅಜ್ಜಿ. ಅವರ ಕೈಯಲ್ಲಿ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಮಗಳನ್ನು ಕನಕಪುರದ ಕಡೆ ಕೊಟ್ಟಿದ್ದಾರೆ. ಅವಳು ಕರೆದಾಗ ಎತ್ತಿ ಮಾತನಾಡುವುದಷ್ಟೆ ಅದರ ಉಪಯೋಗ. 2024ರ ಆಷಾಢ. ಮದುವೆಮುಂಜಿಗಳಿಲ್ಲದೆ ಹೂವಿನ ವ್ಯಾಪಾರ ಸಪ್ಪೆಯಾಗಿತ್ತು. ಖಾಸಗಿ ಕಂಪನಿಗಳು ದರ ಏರಿಸಿದ್ದೂ ಆಗಲೇ. ಅಜ್ಜಿ ಕರೆನ್ಸಿ ಹಾಕಿಸಲಿಲ್ಲ. ಅವಧಿ ಮುಗಿದು ಕೆಲವು ದಿನಗಳ ಮೇಲೆ ಒಳಕರೆಯೂ ನಿಂತಿತು. ಮಗಳು ಗಾಬರಿಯಾಗಿ ಎರಡು ಬಸ್ಸು ಬದಲಿಸಿ ಓಡಿಬಂದಳು.

ಒಳಕರೆ ಪುಕ್ಕಟೆಯೇ ಹೌದು. ಆದರೆ ಆ ಪುಕ್ಕಟೆ ವಸ್ತು ಬಾಗಿಲಿಗೆ ಬರಬೇಕಾದರೆ ಇಪ್ಪತ್ತೆಂಟು ದಿನಕ್ಕೊಮ್ಮೆ ಬಾಗಿಲಿನ ಬಾಡಿಗೆ ಕಟ್ಟಬೇಕು. ಇಪ್ಪತ್ತೆಂಟು ದಿನದ ತಿಂಗಳಾದರೆ ವರ್ಷಕ್ಕೆ ಹದಿಮೂರು ತಿಂಗಳು. ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಬರುವುದು ಸುಮಾರು ಮೂರು ವರ್ಷಕ್ಕೊಮ್ಮೆ. ಕಂಪನಿಗಳ ಪಂಚಾಂಗದಲ್ಲಿ ವರ್ಷವರ್ಷವೂ ಬರುತ್ತದೆ! ಮೂವತ್ತು ದಿನದ್ದೊಂದು, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವುದೊಂದು, ಹೀಗೆ ಎರಡಾದರೂ ಯೋಜನೆಗಳಿರಲೇಬೇಕೆಂದು ಪ್ರಾಧಿಕಾರವು 2022ರ ಜನವರಿಯಲ್ಲಿ ಅಪ್ಪಣೆ ಮಾಡಬೇಕಾಯಿತು.

ಇಂಟರ್ನೆಟ್ಟಿನ ಬೆಲೆಯನ್ನು ದೇಶದೇಶಗಳ ನಡುವೆ ತೂಗುವಾಗಲೂ ಇದೇ ತೊಡಕು. ಒಂದು ಜಿಬಿಯ ಬೆಲೆಯನ್ನಷ್ಟೇ ನೋಡಿದರೆ ಭಾರತ ಲೋಕದಲ್ಲೆಲ್ಲ ಅತಿ ಅಗ್ಗದ ದೇಶಗಳ ಸಾಲಿಗೆ ಸೇರುತ್ತದೆ; ಅದು ಹೆಮ್ಮೆಯ ಮಾತೇ. ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗದವರ ತಕ್ಕಡಿ ಬೇರೆ. ಬೆಲೆ ಎಷ್ಟು ಎಂಬುದನ್ನಲ್ಲ, ಆದಾಯದಲ್ಲಿ ಅದು ಎಷ್ಟನೆಯ ಪಾಲು ಎಂಬುದನ್ನು ಅವರು ನೋಡುತ್ತಾರೆ. ಆರಂಭದ ದರ್ಜೆಯ ಸಂಪರ್ಕವು ತಲಾ ಮಾಸಿಕ ರಾಷ್ಟ್ರಾದಾಯದ ನೂರಕ್ಕೆ ಎರಡು ಪಾಲಿಗಿಂತ ಕಡಮೆಗೆ ದೊರೆಯಬೇಕು ಎಂಬುದು 2025ಕ್ಕೆ ಅವರು ಇಟ್ಟುಕೊಂಡ ಗುರಿ. ಈ ತಕ್ಕಡಿ ಮೇಲು; ಆದರೂ ತಲಾ ಆದಾಯವೆಂಬುದು ಅರಮನೆಯನ್ನೂ ಗುಡಿಸಲನ್ನೂ ಕೂಡಿಸಿ ಭಾಗಿಸಿದ ಲೆಕ್ಕ. ತಿಂಗಳಿಗೆ ಹತ್ತು ಸಾವಿರ ಬರುವ ಮನೆಯಲ್ಲಿ ಇನ್ನೂರು ರೂಪಾಯಿನ ಒಂದು ಫೋನಿದ್ದರೆ ನೂರಕ್ಕೆ ಎರಡು. ಮಗನಿಗೊಂದು, ಸೊಸೆಗೊಂದು ಎಂದು ಮೂರಾದರೆ ನೂರಕ್ಕೆ ಆರು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ‘ವಿದ್ಯಾಗಮ’ವೆಂದು ನಾವು ಮೇಷ್ಟ್ರುಗಳು ಗುಡಿಯ ಜಗಲಿ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡದ್ದು ಜಿಬಿಯ ಬೆಲೆ ದುಬಾರಿಯೆಂದಲ್ಲ. ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿರುತ್ತಿತ್ತು.

ಅಜ್ಜಿಗೋ ಜಿಬಿಯೇ ಬೇಡ. ಬೇಡದ ಜಿಬಿಗೂ ಸೇರಿಸಿ ಹಣ ಕಟ್ಟಬೇಕಾದದ್ದೇ ಅವರ ಕಷ್ಟ. ಬರಿಯ ಮಾತಿನ ಯೋಜನೆಯೂ ಬೇರೆಯಾಗಿ ಇರಲೇಬೇಕೆಂದು ಪ್ರಾಧಿಕಾರ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು; ಮರುತಿಂಗಳೇ ಅಂಥವು ಬಂದವು. ಸಂತೋಷದಿಂದ ಹೋಗಿ ಹೇಳಿದೆ. ಎಷ್ಟು ದಿನದ್ದು ಎಂದು ಕೇಳಿದರು. ಎಂಬತ್ತನಾಲ್ಕು ದಿನದ್ದು, ಇಲ್ಲವೆ ವರ್ಷದ್ದು. ಹಣ ಒಟ್ಟಿಗೇ ಕಟ್ಟಬೇಕು ಎಂದೆ.

ಅಜ್ಜಿ ಕಟ್ಟುತ್ತಿದ್ದ ದಂಡೆಯಿಂದ ಕಣ್ಣೆತ್ತಲಿಲ್ಲ. “ವಾರದ್ದು ಇಲ್ವಾ ಮೇಷ್ಟ್ರೇ? ನಾನು ಮೊಳ ಹೂವು ಕೇಳಿದೋರಿಗೆ ಮೊಳಾನೇ ಕೊಡ್ತೀನಿ. ಹತ್ತು ಮಾರು ತಗೊಂಡ್ರೇನೇ ಕೊಡೋದು ಅಂತ ಯಾರಿಗಾದ್ರೂ ಅಂದಿದ್ದೀನಾ?”