ಭೂತ ಚತುರ್ದಶಿಗೆ ಮಕ್ಕಳ ಜೊತೆ ಯಾವ ದೆವ್ವದ ಸಿನಿಮಾ ನೋಡೋಣ?

ಅಕ್ಟೋಬರ್ ಬಂತು ಅಂದ್ರೆ ಸಾಲ್ಟ್ ಲೇಕ್, ನ್ಯೂ ಟೌನ್ ಕಡೆ ಇರೋ ನಮ್ಮ ಕನ್ನಡದವರ ಪ್ರಶ್ನೆ ಒಂದೇ. "ಅಪಾರ್ಟ್‌ಮೆಂಟಲ್ಲಿ ಹ್ಯಾಲೋವೀನ್ ಪಾರ್ಟಿ ಇದೆ, ಆಮೇಲೆ ಮಕ್ಕಳೆಲ್ಲ ನಮ್ಮನೇಲಿ ಸೇರ್ತಾರೆ, ಯಾವ ಸಿನಿಮಾ ಹಾಕೋದು? ಸ್ವಲ್ಪ ಭಯ ಆಗ್ಬೇಕು, ಆದ್ರೆ ರಾತ್ರಿ ಎರಡು ಗಂಟೆಗೆ ನಮ್ಮನ್ನ ಎಬ್ಬಿಸಬಾರದು." ಇವತ್ತು ಅದನ್ನೇ ಮಾತಾಡೋಣ.

ಮೊದಲು ಒಂದು ವಿಷಯ. ನಾವಿರೋ ಊರಿಗೆ ತನ್ನದೇ ಒಂದು ದೆವ್ವದ ರಾತ್ರಿ ಇದೆ. ಕಾಳಿ ಪೂಜೆಯ ಹಿಂದಿನ ದಿನ, ಭೂತ ಚತುರ್ದಶಿ. ನಮಗೆ ಅದು ನರಕ ಚತುರ್ದಶಿ, ಎಣ್ಣೆಸ್ನಾನದ ದಿನ. ಇವರಿಗೆ ಹದಿನಾಲ್ಕು ದೀಪದ ದಿನ, ಹದಿನಾಲ್ಕು ಸೊಪ್ಪಿನ ದಿನ. ಅವತ್ತು ಮಾರ್ಕೆಟ್ಟಿಗೆ ಹೋದ್ರೆ ಹದಿನಾಲ್ಕು ಬಗೆ ಸೊಪ್ಪು ಸೇರಿಸಿ ಕಟ್ಟಿದ ಕಂತೆ ಸಿಗುತ್ತೆ. ನಮ್ಮ ಬೆರಕೆ ಸೊಪ್ಪೇ ಅಂದ್ಕೊಳ್ಳಿ. 2024ರಲ್ಲಂತೂ ಕಾಳಿ ಪೂಜೆ ಸರಿಯಾಗಿ ಅಕ್ಟೋಬರ್ 31ಕ್ಕೇ ಬಂದಿತ್ತು. ಕೆಳಗಡೆ ಮಕ್ಕಳು ಡ್ರಾಕುಲಾ ಹಲ್ಲು ಹಾಕ್ಕೊಂಡು ಚಾಕಲೇಟ್ ಕೇಳ್ತಿದ್ರು, ಪಕ್ಕದ ಪಾಡಾದಲ್ಲಿ ಕಾಳಿ ಪೆಂಡಾಲಿನ ಢಾಕ್ ಬಡೀತಿತ್ತು.

ಆ ದೀಪಗಳು ಯಾರಿಗೆ? ಹದಿನಾಲ್ಕು ತಲೆಮಾರಿನ ಹಿರಿಯರು ಅವತ್ತು ಮನೆಗೆ ಬರ್ತಾರೆ, ಅವರಿಗೆ ದಾರಿ ಕಾಣಲಿ ಅಂತ ಕೆಲವರು ಹೇಳ್ತಾರೆ. ಕೆಟ್ಟ ಭೂತಗಳು ಬಾಗಿಲಿಗೆ ಬರದಿರಲಿ ಅಂತ ಇನ್ನು ಕೆಲವರು. ಒಂದೇ ದೀಪ, ಒಬ್ಬರನ್ನ ಕರೆಯೋಕೆ, ಇನ್ನೊಬ್ಬರನ್ನ ಓಡಿಸೋಕೆ! ನಮ್ಮ ಮನೆಗೆ ಬರೋ ಮಾಶಿ ಇದನ್ನ ನನ್ನ ಮಗನಿಗೆ ಹೇಳಿದ್ರು. ಅವನಿಗೆ ಆಗ ಆರು ವರ್ಷ. ಅದೇ ವರ್ಷ ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ನಮ್ಮ ಮಾವ ತೀರಿಹೋಗಿದ್ರು. ಫೋನ್ ಬಂತು, ನಾವಿಬ್ಬರು ಓಡಿದ್ವಿ, ಮಗನನ್ನ ಸ್ನೇಹಿತರ ಮನೇಲಿ ಬಿಟ್ಟಿದ್ವಿ. ಅವನ ಪಾಲಿಗೆ ಅಜ್ಜ ಅಂದ್ರೆ ಭಾನುವಾರದ ವಿಡಿಯೊ ಕಾಲ್. ಆ ಕಾಲ್ ನಿಂತಿತ್ತು, ಅಷ್ಟೆ. ಮಾಶಿ ಮಾತು ಕೇಳಿ ಅವನು ಕೇಳಿದ, "ಅಮ್ಮಾ, ಅಜ್ಜ ಭೂತ ಆಗಿದಾರಾ? ಅವರಿಗೆ ಕೊಲ್ಕತ್ತಾ ದಾರಿ ಗೊತ್ತಾ?"

ನಮ್ಮಲ್ಲಿ ಬಹಳ ಮನೆಗಳಲ್ಲಿ ಹೀಗೇ ಇದೆ. ಊರಲ್ಲಿದ್ದಿದ್ರೆ ಮಗು ತಿಥಿ ನೋಡ್ತಿತ್ತು, ಎಡೆ ಇಡೋದು ನೋಡ್ತಿತ್ತು, ಕಾಗೆ ಬರಲಿಲ್ಲ ಅಂತ ದೊಡ್ಡವರು ಗೊಣಗೋದು ಕೇಳ್ತಿತ್ತು. ಇಲ್ಲಿ ಹದಿನಾರನೇ ಮಹಡಿಯಲ್ಲಿ ಸತ್ತವರ ಬಗ್ಗೆ ಮಾತೇ ಬರಲ್ಲ. ಅದು ಬರೋದು ಸಿನಿಮಾದಲ್ಲಿ ಮಾತ್ರ. ಹಾಗಾಗಿ ಯಾವ ದೆವ್ವದ ಸಿನಿಮಾ ಹಾಕ್ತೀವಿ ಅನ್ನೋದು ಬರೀ ಟೈಂಪಾಸ್ ವಿಷಯ ಅಲ್ಲ ಅಂತ ನನಗೆ ಅನಿಸುತ್ತೆ. ನಾನು ನೋಡೋದು ಒಂದನ್ನೇ: ಆ ದೆವ್ವಕ್ಕೆ ಒಂದು ಹೆಸರಿದೆಯಾ? ಅದಕ್ಕೇನಾದ್ರೂ ಬೇಕಾಗಿದೆಯಾ? ಬರೀ ಕತ್ತಲೆ, ದಡ್ ಅಂತ ಸೌಂಡು, ಕನ್ನಡೀಲಿ ಮುಖ, ಇಷ್ಟೇ ಇರೋ ಸಿನಿಮಾ ಮಕ್ಕಳಿಗೆ ಬೇಡ. ಹಸಿವು, ಸಿಟ್ಟು, ಆಸೆ ಇರೋ ದೆವ್ವವನ್ನ ಮಗು ಹೆದರಿಕೊಂಡೇ ಮಾತಾಡಿಸುತ್ತೆ.

ಆ ಲೆಕ್ಕದಲ್ಲಿ ಬಂಗಾಳದಷ್ಟು ಶ್ರೀಮಂತ ಊರು ಇನ್ನೊಂದಿಲ್ಲ. ಮೀನಿಗೆ ಬಾಯಿ ಬಿಡೋ ಮೇಛೋ ಭೂತ, ಶಂಖದ ಬಳೆ ತೊಟ್ಟ ಮುತ್ತೈದೆ ದೆವ್ವ ಶಾಕ್‌ಚುನ್ನಿ, ಮರದ ಮೇಲಿರೋ ಬ್ರಹ್ಮದೈತ್ಯ (ನಮ್ಮ ಬ್ರಹ್ಮರಾಕ್ಷಸನ ಕಡೆಯವನೇ ಇರ್ಬೇಕು). ರಾತ್ರಿ ಗೊತ್ತಿರೋರ ದನೀಲಿ ಹೆಸರು ಹಿಡಿದು ಕರೆಯೋ ನಿಶಿ. ಮೂರನೇ ಸಲ ಕರೆದ್ರೆ ಮಾತ್ರ ಓಗೊಡಬೇಕಂತೆ, ಯಾಕಂದ್ರೆ ನಿಶಿ ಎರಡು ಸಲಕ್ಕಿಂತ ಹೆಚ್ಚು ಕರೆಯಲ್ಲ. ಬೆಂಗಳೂರಲ್ಲಿ ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ತಕ್ಷಣ ನೆನಪಾಗುತ್ತೆ, ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ದದ್ದು. ಅದೇ ದೆವ್ವ, ಬೇರೆ ಪಿನ್‌ಕೋಡು. ಆ "ನಾಳೆ ಬಾ" ನೆರಳು 2018ರ ಹಿಂದಿ 'ಸ್ತ್ರೀ'ಯಲ್ಲೂ ಇದೆ. ಒಳ್ಳೆ ಸಿನಿಮಾ, ಆದ್ರೆ ಡಬಲ್ ಮೀನಿಂಗ್ ಮಾತು ಸಾಕಷ್ಟಿವೆ. ಚಿಕ್ಕವರು ಮಲಗಿದ ಮೇಲೆ ನೋಡಿ.

ಸರಿ, ಮೊದಲನೇ ಸಿನಿಮಾ. ಯೋಚನೆ ಮಾಡೋದೇ ಬೇಡ: 'ಗೂಪಿ ಗಾಯ್ನೇ ಬಾಘಾ ಬಾಯ್ನೇ'. 1969, ಸತ್ಯಜಿತ್ ರಾಯ್. ಕತೆ ಅವರ ತಾತ ಉಪೇಂದ್ರಕಿಶೋರ್ ರಾಯ್ ಚೌಧುರಿ ಅವರದ್ದು. ತನಗೆ ನೋಡೋಕಾಗೋ ಅಂಥ ಸಿನಿಮಾ ಮಾಡು ಅಂತ ಮಗ ಸಂದೀಪ್ ಹಟ ಹಿಡಿದಿದ್ದರಿಂದ ರಾಯ್ ಇದನ್ನ ಕೈಗೆತ್ತಿಕೊಂಡ್ರು. ಅಂದ್ರೆ ತಾತನ ಕತೆ, ಮೊಮ್ಮಗನ ಸಿನಿಮಾ, ಮರಿಮಗನ ಹಟ. ಹಾಡೋಕೆ ಬರದ ಗೂಪಿ, ಬಾರಿಸೋಕೆ ಬರದ ಬಾಘಾ, ಇಬ್ಬರನ್ನೂ ಅವರವರ ಊರಿಂದ ಓಡಿಸ್ತಾರೆ. ಬಿದಿರುಮೆಳೆ ಕಾಡಲ್ಲಿ ಇಬ್ಬರೂ ಸಿಕ್ಕಿಹಾಕ್ಕೊಂಡಾಗ ಭೂತಗಳು ಬರ್ತವೆ, ಕುಣೀತವೆ, ಭೂತರಾಜ ಖುಷಿಯಾಗಿ ಮೂರು ವರ ಕೊಡ್ತಾನೆ. ಆ ಭೂತರಾಜನ ದನಿ ರಾಯ್ ಅವರದೇ.

ಆ ಕುಣಿತ ಇದೆಯಲ್ಲ, ಆರು ನಿಮಿಷಕ್ಕೂ ಜಾಸ್ತಿ. ಮಾತಿಲ್ಲ. ನಾಲ್ಕು ಜಾತಿ ಭೂತ: ರಾಜರು, ಹಳ್ಳಿಯ ಬಡವರು, ಬಿಳಿ ಸಾಹೇಬರು, ಹೊಟ್ಟೆ ಬಿಟ್ಟುಕೊಂಡ ದಡೂತಿಗಳು. ಮೊದಲು ಚೆನ್ನಾಗಿ ಕುಣೀತಾವೆ, ಆಮೇಲೆ ತಮ್ಮತಮ್ಮಲ್ಲೇ ಹೊಡೆದಾಡ್ತವೆ, ಕೊನೆಗೆ ನಾಲ್ಕು ಸಾಲಲ್ಲಿ ಒಂದರ ಮೇಲೊಂದು ನಿಂತು ಒಟ್ಟಿಗೆ ಕುಣೀತಾವೆ. ಕಿವಿ ಕೊಟ್ಟು ಕೇಳಿ. ರಾಯ್ ಅಲ್ಲಿ ಬಳಸಿದ್ದು ಢಾಕ್ ಅಲ್ಲ, ತಬಲಾ ಅಲ್ಲ. ಮೃದಂಗ, ಘಟ, ಖಂಜಿರ, ಮೋರ್ಸಿಂಗ್! ನಮ್ಮ ರಾಮನವಮಿ ಕಚೇರಿಯ ತನಿ ಆವರ್ತನವನ್ನ ಬಂಗಾಳದ ಭೂತಗಳು ಕುಣೀತಾ ಇವೆ. ಗುಂಪಿಗೊಂದು ವಾದ್ಯ. ಪಕ್ಕದ ಮನೆ ದಾದಾಗೆ ನಾನು ಇದನ್ನ ಹೇಳಿದಾಗ ಅವರು ನಂಬಲಿಲ್ಲ, ಮತ್ತೆ ಹಾಕಿ ಕೇಳಿದ್ರು. ಆಮೇಲಿಂದ ನನ್ನ ಬಾಂಗ್ಲಾ ಉಚ್ಚಾರಣೆ ತಿದ್ದೋದು ಸ್ವಲ್ಪ ಕಡಿಮೆಯಾಗಿದೆ.

ಐದು ವರ್ಷದವರಿಂದ ಹಿಡಿದು ಎಲ್ಲರೂ ನೋಡಬಹುದು. ಕಪ್ಪು ಬಿಳುಪು, ಎರಡು ಗಂಟೆ ಮೇಲಿದೆ, ಮಧ್ಯೆ ಸ್ವಲ್ಪ ನಿಧಾನ. ಚಿಕ್ಕ ಮಕ್ಕಳಿದ್ರೆ ವರ ಸಿಗೋವರೆಗೂ ಒಂದು ದಿನ, ಮಿಕ್ಕಿದ್ದು ಇನ್ನೊಂದು ದಿನ. ವರ ಏನು ಅಂದ್ರೆ ಚಪ್ಪಾಳೆ ತಟ್ಟಿದ್ರೆ ಊಟ ಬಟ್ಟೆ, ಬೇಕಾದ ಕಡೆ ಒಯ್ಯೋ ಚಪ್ಪಲಿ, ಕೇಳಿದವರು ಕಲ್ಲಾಗಿ ನಿಲ್ಲೋ ಸಂಗೀತ. ಮೊದಲನೇದನ್ನ ನಮಗೆ ಡೆಲಿವರಿ ಹುಡುಗರು ಕೊಟ್ಟಾಗಿದೆ. ಎರಡನೇದು ಬಂದಿದ್ರೆ ಹೌರಾದಿಂದ ಬೆಂಗಳೂರಿಗೆ ಒಂದೂವರೆ ದಿನ ಕೂರೋದು ತಪ್ತಿತ್ತು.

ಮುಂದಿನದು 'ಭೂತೇರ್ ಭೋಬಿಷ್ಯತ್', 2012, ಅನೀಕ್ ದತ್ತ. ಹತ್ತು ವರ್ಷದ ಮೇಲಿನವರಿಗೆ. ಹಳೇ ಜಮೀನ್ದಾರಿ ಬಂಗಲೇಲಿ ಬೇರೆ ಬೇರೆ ಕಾಲದ ದೆವ್ವಗಳು ಬಾಡಿಗೆದಾರರ ಹಾಗೆ ವಾಸ ಮಾಡ್ತಿರ್ತವೆ. ಒಳಗೆ ಸೇರಿಸ್ಕೊಳ್ಳೋಕೆ ಇಂಟರ್‌ವ್ಯೂ ಬೇರೆ. ಆಮೇಲೆ ಪ್ರೊಮೋಟರ್ ಬರ್ತಾನೆ, ಮನೆ ಕೆಡವಿ ಮಾಲ್ ಕಟ್ಟೋಕೆ. ನಾವು ಬಿಲ್ಡರ್ ಅನ್ನೋದನ್ನ ಇಲ್ಲಿ ಪ್ರೊಮೋಟರ್ ಅಂತಾರೆ, ಕೊಲ್ಕತ್ತಾದಲ್ಲಿ ದೆವ್ವಕ್ಕಿಂತ ಜನ ಹೆದರೋದು ಆ ಪದಕ್ಕೆ. ಮನೆ ಹೋದ್ರೆ ದೆವ್ವ ಎಲ್ಲಿಗೆ ಹೋಗಬೇಕು? ನಗ್ತಾ ನಗ್ತಾ ಆ ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಸಿನಿಮಾ ನೋಡಿದ ವಾರ ಮಕ್ಕಳನ್ನ ಶೋಭಾಬಜಾರ್ ಕಡೆ ಕರ್ಕೊಂಡು ಹೋಗಿ ಹಳೇ ಮನೆಗಳನ್ನ ತೋರಿಸಿ, ಎಲ್ಲಿ ಯಾರಿರಬಹುದು ಅಂತ ಅವರೇ ಹೇಳ್ತಾರೆ. ಬಾಂಗ್ಲಾ ಮಾತಿನ ಚಮತ್ಕಾರ ಬಹಳ ಇರೋದರಿಂದ ಸಬ್‌ಟೈಟಲ್‌ನಲ್ಲಿ ಅರ್ಧ ಹೋಗುತ್ತೆ. 2014ರಲ್ಲಿ ಹಿಂದೀಲಿ 'ಗ್ಯಾಂಗ್ ಆಫ್ ಘೋಸ್ಟ್ಸ್' ಅಂತ ಮಾಡಿದ್ರು. ಅದನ್ನ ನೋಡಿ ಮೂಲಾನೂ ಹೀಗೇ ಅಂದ್ಕೋಬೇಡಿ.

ಹದಿಮೂರು ದಾಟಿದ ಮಕ್ಕಳು "ನಿಜವಾಗ್ಲೂ ಹೆದರಿಸಿ ನೋಡೋಣ" ಅಂತ ಸವಾಲು ಹಾಕಿದ್ರೆ 'ಮೊನಿಹಾರಾ'. 1961ರ 'ತೀನ್ ಕನ್ಯಾ'ದ ಮೂರು ಕತೆಗಳಲ್ಲಿ ಒಂದು, ಟಾಗೋರರ ಕತೆ, ರಾಯ್ ಸಿನಿಮಾ. ಒಡವೆ ಹುಚ್ಚಿನ ಹೆಂಡತಿ, ದೊಡ್ಡ ಮನೆ, ನದಿ. ಸುಮಾರು ಒಂದು ಗಂಟೆ, ಅದರಲ್ಲಿ ಮುಕ್ಕಾಲು ಭಾಗ ಏನೂ ಆಗೋದೇ ಇಲ್ಲ. ಆಮೇಲೆ ಒಂದು ಕೈ. ಇನ್ನು ಹೇಳಲ್ಲ. ಚಿಕ್ಕವರಿಗೆ ಖಂಡಿತ ಬೇಡ.

ಅಪರ್ಣಾ ಸೇನ್ ಅವರ 'ಗೊಯ್ನಾರ್ ಬಾಕ್ಷೊ' (2013) ದೊಡ್ಡವರಿಗೆ. ಬಾಲ್ಯದಲ್ಲೇ ವಿಧವೆಯಾದ ಸೋದರತ್ತೆ ಸತ್ತ ಮೇಲೂ ಒಡವೆ ಪೆಟ್ಟಿಗೆ ಬಿಡಲ್ಲ. ಮೌಸುಮಿ ಚಟರ್ಜಿ ಆ ಅಜ್ಜಿ ದೆವ್ವ ಆಗಿದ್ದನ್ನ ನೋಡಿದ್ರೆ ನಿಮ್ಮನೇ ಯಾರೋ ಒಬ್ಬ ಬಾಯಿಬಡುಕಿ ಅಜ್ಜಿ ನೆನಪಾಗೋದು ಗ್ಯಾರಂಟಿ. ಬೈಗುಳ ಇವೆ.

ಬಾಂಗ್ಲಾ ಬೇಡ, ಮಕ್ಕಳಿಗೆ ಹಿಂದಿ ಸಲೀಸು ಅನ್ನೋರಿಗೆ ವಿಶಾಲ್ ಭಾರದ್ವಾಜ್ ಅವರ 'ಮಕಡೀ' (2002). ಶಬಾನಾ ಆಜ್ಮಿ ಮಾಟಗಾತಿ, ಅವಳಿ ಅಕ್ಕತಂಗಿ ಇಬ್ಬರೂ ಶ್ವೇತಾ ಬಸು ಪ್ರಸಾದ್. ಏಳೆಂಟು ವರ್ಷದವರಿಗೆ ಹೇಳಿ ಮಾಡಿಸಿದ್ದು. ಇಂಗ್ಲಿಷ್‌ನಲ್ಲಿ ಒಂದೇ ಸಾಕು, 'ಕೋಕೋ' (2017). ಸತ್ತವರನ್ನ ನೆನೆಯೋರು ಯಾರೂ ಇಲ್ಲದಾಗ ಅವರು ಎರಡನೇ ಸಲ ಸಾಯ್ತಾರೆ ಅನ್ನೋ ಮೆಕ್ಸಿಕೋದ ಕತೆ, ನಮ್ಮ ಪಿತೃಪಕ್ಷ ಗೊತ್ತಿರೋರಿಗೆ ವಿವರಣೆಯೇ ಬೇಕಿಲ್ಲ. ಮನೇಲಿ ಇತ್ತೀಚೆಗೆ ಯಾರಾದ್ರೂ ಹೋಗಿದ್ರೆ ನೀವು ಪಕ್ಕದಲ್ಲೇ ಕೂತ್ಕೊಳ್ಳಿ.

ಕನ್ನಡದ್ದು? 'ನಾ ನಿನ್ನ ಬಿಡಲಾರೆ' (1979) ನಮ್ಮ ಅಮ್ಮಂದಿರನ್ನ ಹೆದರಿಸಿದ ಸಿನಿಮಾ. ಅನಂತ್ ನಾಗ್, ಲಕ್ಷ್ಮಿ. ಹನ್ನೆರಡರ ಮೇಲಿನವರಿಗೆ ಸರಿ. 'ಆಪ್ತಮಿತ್ರ' (2004) ಮನೆಮಂದಿಗೆಲ್ಲ. ಸೌಂದರ್ಯ ತೀರಿಹೋದ ಮೇಲೆ ಬಿಡುಗಡೆಯಾದದ್ದು, ಆ ನಾಗವಲ್ಲಿಯನ್ನ ನೋಡುವಾಗ ಈಗಲೂ ಮೈ ಜುಂ ಅನ್ನೋದಕ್ಕೆ ಅದೂ ಒಂದು ಕಾರಣ. ಮಲಯಾಳಂ 'ಮಣಿಚಿತ್ರತ್ತಾಳ್'ನಿಂದ ಬಂದ ಇದೇ ಕತೆ ಹಿಂದಿಯ 'ಭೂಲ್ ಭುಲೈಯಾ' ಆದಾಗ ನಾಗವಲ್ಲಿ ಹೋಗಿ ಬಂಗಾಳಿ ಮಂಜುಲಿಕಾ ಬಂದಳು. ದೆವ್ವ ಬೇಕು ಅಂದ್ರೆ ಹಿಂದಿಯವರು ಬಂಗಾಳಕ್ಕೇ ಬರ್ತಾರೆ ಅಂತ ನಮ್ಮ ಬಂಗಾಳಿ ಸಹೋದ್ಯೋಗಿಗಳಿಗೆ ಬೇಜಾರೂ ಇದೆ, ಒಳಗೊಳಗೇ ಹೆಮ್ಮೆಯೂ ಇದೆ. ಬಂಗಾಳದವರು ಮಾತ್ರ ದೆವ್ವ ಹುಡುಕ್ಕೊಂಡು ನಮ್ಮೂರಿಗೂ ಬಂದಿದಾರೆ: ರಾಯ್ ಬರೆದ 'ಬ್ರೌನ್ ಸಾಹೇಬೇರ್ ಬಾಡಿ' ಕತೆ ನಡೆಯೋದು ಬೆಂಗಳೂರಿನ ಎವರ್‌ಗ್ರೀನ್ ಲಾಡ್ಜ್ ಅನ್ನೋ ಮನೇಲಿ. ಇಂಗ್ಲಿಷ್ ಅನುವಾದ ಸಿಗುತ್ತೆ, ಕರೆಂಟ್ ಆಫ್ ಮಾಡಿ ಟಾರ್ಚ್ ಹಿಡಿದು ಓದಿ ಹೇಳಿ.

ನೋಡೋ ಕ್ರಮ ಅಂತ ಏನೂ ಇಲ್ಲ, ಒಂದೆರಡು ಸಣ್ಣ ಮಾತು. ಚಿಕ್ಕವರಿಗೆ ಸಂಜೆ ನಾಲ್ಕಕ್ಕೇ ಶುರು ಮಾಡಿ, ಮುಗಿಯೋವಾಗ ಮನೇಲಿ ಬೆಳಕಿರಲಿ. ಕಣ್ಣು ಮುಚ್ಕೊಂಡ ಮಗುವನ್ನ "ಏ ಪುಕ್ಕಲಾ" ಅಂತ ದೊಡ್ಡಮಕ್ಕಳು ಅಣಕಿಸೋಕೆ ಬಿಡಬೇಡಿ. "ದೆವ್ವ ಎಲ್ಲ ಸುಳ್ಳು" ಅಂತ ಮೊದಲೇ ಹೇಳಿಬಿಟ್ರೆ ಮಗು ಮುಂದೆ ಏನೂ ಕೇಳಲ್ಲ, ಅದು ನನಗಿಷ್ಟ ಇಲ್ಲ.

ಆ ವರ್ಷ ನಾವು ಗೂಪಿ ಬಾಘಾ ನೋಡಿ, ಆಮೇಲೆ ಬಾಲ್ಕನೀಲಿ ದೀಪ ಹಚ್ಚಿದ್ವಿ. ಮನೇಲಿ ಇದ್ದದ್ದು ಒಂಬತ್ತು ಹಣತೆ, ಮಿಕ್ಕ ಐದನ್ನ ಮಾಶಿ ಚೌದ್ದೋ ಆಗಲೇಬೇಕು ಅಂತ ಗೋಧಿ ಹಿಟ್ಟು ಕಲಸಿ ಮಾಡಿದ್ರು. ಮಗ ಕೊನೇ ದೀಪದ ಪಕ್ಕ ತನ್ನ ಚಪ್ಪಲಿ ಇಟ್ಟ, ಅಜ್ಜನಿಗೆ ಬೇಗ ಬರೋಕೆ ಅಂತ. ಸೈಜ್ ಆಗಲ್ಲ ಅಂದಿದ್ದಕ್ಕೆ ಅವರಪ್ಪನ ಚಪ್ಪಲೀನೂ ತಂದಿಟ್ಟ.

ಈ ವರ್ಷ ನಿಮ್ಮನೇಲಿ ಯಾವುದು ನೋಡ್ತೀರಿ, ನಾನು ಬಿಟ್ಟಿರೋದು ಯಾವುದು ಅಂತ ತಿಳಿಸಿ. ಅದರಲ್ಲೂ ಉತ್ತರ ಕರ್ನಾಟಕದ ಕಡೆಯವರು, ನಿಮ್ಮಲ್ಲಿ ಮಕ್ಕಳಿಗೆ ಹೇಳೋ ದೆವ್ವದ ಕತೆ ಇದ್ರೆ ಕಳಿಸಿ.