ಸಿವಿಲ್ ಇಂಜಿನಿಯರಿಂಗಿಗೆ ಯಾವ ಕಾಲೇಜು?
(ಮಲಾಡಿನ ಸಭೆಯಲ್ಲಿ ಮಾಡಿದ ಭಾಷಣ)



ಊರಿನ ಗದ್ದೆ ಅಡವಿಟ್ಟು ಮಗನ ಸೀಟಿಗೆ ಡೊನೇಶನ್ ಕಟ್ಟುವ ಮೊದಲು ನಮ್ಮ ರೈಲು ಹಾದಿಯನ್ನೇ ನೋಡೋಣ. ಮಲಾಡಿನಿಂದ ಕೆಲವೇ ನಿಲ್ದಾಣ ದಾಟಿದರೆ ಅಂಧೇರಿಯಲ್ಲಿ 1962ರ ಸರದಾರ್ ಪಟೇಲ್ ಕಾಲೇಜು. ಮಾಟುಂಗದಲ್ಲಿ 1887ರ ವಿ.ಜೆ.ಟಿ.ಐ. ಎರಡರಲ್ಲೂ ಸಿವಿಲ್ ಉಂಟು, ಸರ್ಕಾರದ ಅನುದಾನವೂ ಉಂಟು. ಆದರೆ ಸೀಟು ಸಿಗುವುದು ಪ್ರವೇಶ ಪರೀಕ್ಷೆಯ ಅಂಕದ ಮೇಲೆ. ಅಂಕ ಸಾಲದಿದ್ದರೆ ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಸೇರುವ ದಾರಿಯಿದೆ. ನಮ್ಮವರು ಅದನ್ನೇಕೆ ಕೀಳೆಂದು ಎಣಿಸುತ್ತಾರೋ!

ಖಾಸಗಿ ಕಾಲೇಜೇ ಆದರೆ ಗಾಜಿನ ಬಾಗಿಲಿಗೆ ಮರುಳಾಗುವುದು ಬೇಡ. ಕಾಂಕ್ರೀಟನ್ನು ಒತ್ತಿ ಪರೀಕ್ಷಿಸುವ ಯಂತ್ರ ನಡೆಯುತ್ತಿದೆಯೇ, ಹುಡುಗರು ಸರ್ವೆಗೆ ಬಯಲಿಗೆ ಹೋಗುತ್ತಾರೆಯೇ ಎಂದು ವಿಚಾರಿಸೋಣ. ಡೊನೇಶನ್ ಕೇಳಿದರೆ, ಮಹಾರಾಷ್ಟ್ರದಲ್ಲಿ 1987ರ ಕಾಯಿದೆ ಅದನ್ನು ನಿಷೇಧಿಸಿದೆಯೆಂದು ಹೇಳೋಣ. ಕಟ್ಟಿದ ಪ್ರತಿಯೊಂದು ರೂಪಾಯಿಗೂ ರಸೀದಿ ಕೇಳೋಣ.