ಬರೆದವಳು ಅವಳು, ರುಜು ಅವನದು

(ಹಾಸನದಲ್ಲಿ ಸೇರಿದ್ದ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದೀರಿ. ಸಂಜೆ ಮನೆ ಸೇರಿ ಅಡುಗೆಯನ್ನೂ ಮಾಡಬೇಕು. ಹಾಗಾಗಿ ಉದ್ದ ಮಾತಾಡುವುದಿಲ್ಲ.

ವರದಕ್ಷಿಣೆ, ದೌರ್ಜನ್ಯಗಳ ಬಗ್ಗೆ ಮಾತಾಡುವ ಸಭೆಯಲ್ಲಿ ನಿರ್ದೇಶಕರೊಬ್ಬರ ವಿಷಯ ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ. ನಮ್ಮ ಹತ್ತಿರ ಬರುವ ಎಷ್ಟೋ ಹೆಣ್ಣುಮಕ್ಕಳು ಹೇಳುವ ಮೊದಲ ಮಾತು ಇದು: “ಅವರು ಹೊಡೆಯೋದಿಲ್ಲ ಕಣಕ್ಕಾ. ಏನಂತ ದೂರು ಕೊಡಲಿ?” ಗಾಯ ಇದ್ದರೆ ತೋರಿಸಬಹುದು. ದುಡಿದದ್ದನ್ನೆಲ್ಲ ಕಿತ್ತುಕೊಂಡರೆ, ದಿನವೂ ತವರನ್ನು ಹಳಿದರೆ, ಹೆಣ್ಣು ಹೆತ್ತಳೆಂದು ಬಿಟ್ಟು ಹೋದರೆ ಏನನ್ನು ತೋರಿಸುವುದು? ತೋರಿಸಲಾಗದ ಈ ಹಿಂಸೆಯನ್ನು ತೆರೆಯ ಮೇಲೆ ತೋರಿಸಿದವರು ಗಿರೀಶ್ ಕಾಸರವಳ್ಳಿ. ಅದಕ್ಕಾಗಿ ಅವರು ನಮ್ಮ ಜಿಲ್ಲೆಯ ಇಬ್ಬರು ಬರಹಗಾರರ ಕಥೆಗಳನ್ನು ಎತ್ತಿಕೊಂಡರು.

ಕಾಸರವಳ್ಳಿಯವರು 1950ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಹುಟ್ಟಿದವರು. ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 1977ರಲ್ಲಿ ಯು.ಆರ್. ಅನಂತಮೂರ್ತಿಯವರ ಕಥೆಯಿಂದ ‘ಘಟಶ್ರಾದ್ಧ’ ಮಾಡಿದರು. ಬಸುರಿಯಾದ ಎಳೆಯ ವಿಧವೆ ಯಮುನಕ್ಕನಿಗೆ, ಅವಳು ಬದುಕಿರುವಾಗಲೇ ಹೆತ್ತ ಅಪ್ಪ ಶ್ರಾದ್ಧ ಮಾಡಿಬಿಡುವ ಕಥೆ ಅದು. ಮೊದಲ ಚಿತ್ರಕ್ಕೇ ಸ್ವರ್ಣಕಮಲ ಬಂತು. ಮುಂದೆ ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ಗಳಿಗೂ ಬಂತು. ಪ್ರಶಸ್ತಿಯ ಲೆಕ್ಕ ಇಲ್ಲಿಗೆ ಸಾಕು. ನಾವು ಗಮನಿಸಬೇಕಾದದ್ದು ಬೇರೆ. ಕಥೆ ಬೇರೆಯವರದಾದರೂ ಚಿತ್ರಕಥೆಯನ್ನು ಅವರೇ ಬರೆಯುತ್ತಾರೆ. ಬರೆಯುವಾಗ ಮನೆಯೊಳಗೆ ಯಾರು ಕೆಲಸ ಮಾಡುತ್ತಾರೆ, ಯಾರು ತೀರ್ಮಾನ ಮಾಡುತ್ತಾರೆ ಎಂಬುದರ ಮೇಲೆ ಕಣ್ಣಿಡುತ್ತಾರೆ.

ಈ ಶತಮಾನದ ಮೊದಲ ದಶಕದಲ್ಲಿ ಅವರು ‘ಗೃಹಭಂಗ’ವನ್ನು ಟಿ.ವಿ. ಧಾರಾವಾಹಿ ಮಾಡಿದರು. ಕಾದಂಬರಿ 1970ರದು. ಬರೆದ ಎಸ್.ಎಲ್. ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು, 2025ರಲ್ಲಿ ತೀರಿಕೊಂಡರು. ಅವರ ಎಷ್ಟೋ ವಿಚಾರಗಳೊಂದಿಗೆ ನಮ್ಮಲ್ಲಿ ಅನೇಕರಿಗೆ ಜಗಳವಿದೆ. ಆದರೆ ಹೆತ್ತ ತಾಯಿಯನ್ನು ಪ್ಲೇಗಿನಲ್ಲಿ ಕಳೆದುಕೊಂಡ ಮಗ ಬರೆದ ಈ ಪುಸ್ತಕದ ನಂಜಮ್ಮನೊಂದಿಗೆ ಯಾರಿಗೂ ಜಗಳವಿಲ್ಲ.

ನಂಜಮ್ಮನ ಗಂಡ ಚೆನ್ನಿಗರಾಯ ಶಾನುಭೋಗ. ಲೆಕ್ಕ ಬರೆಯಲು ಬಾರದು, ಕಲಿಯುವ ಮನಸ್ಸೂ ಇಲ್ಲ. ತನ್ನ ಹೊಟ್ಟೆ ತುಂಬಿದರೆ ಸಾಕು, ಹೆಂಡತಿ ಮಕ್ಕಳು ಉಂಡರೋ ಇಲ್ಲವೋ ಕೇಳುವುದಿಲ್ಲ. ಅತ್ತೆ ಗಂಗಮ್ಮನ ಬಾಯಿಗೆ ಬಯ್ಗುಳವೇ ಮಾತು. ನಂಜಮ್ಮ ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಕೊನೆಗೆ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಕಲಿತು ಬರೆಯುತ್ತಾಳೆ. ಬರೆದವಳು ಅವಳು, ರುಜು ಅವನದು. ದುಡಿಮೆ ಅವಳದು, ಹಣ ಅವನದು.

ಇದು ಹಳೆಯ ಕಾಲದ ಕಥೆ ಎಂದು ಬಿಡಬೇಡಿ. ನಮ್ಮ ಆಲೂಗಡ್ಡೆ ಹೊಲಗಳಲ್ಲಿ, ಅರಕಲಗೂಡಿನ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ, ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಬೆನ್ನು ಬಗ್ಗಿಸುವವರು ಯಾರು? ಪಹಣಿಯಲ್ಲಿ ಹೆಸರು ಯಾರದು? ಮಾರಿದ ಹಣ ಯಾರ ಕೈಗೆ ಬರುತ್ತದೆ? ಸಂಘದ ಸಾಲಕ್ಕೆ ರುಜು ಮಾತ್ರ ನಮ್ಮದು, ದುಡ್ಡು ಅವರದು ಎನ್ನುವ ಮನೆಗಳೂ ಇಲ್ಲವೇ?

ಇದು ಧಾರಾವಾಹಿಯಾಗಿ ಬಂದದ್ದಕ್ಕೆ ಒಂದು ಮಹತ್ವವಿದೆ. ಟಾಕೀಸಿಗೆ ಹೋಗಬೇಕಾದರೆ ಹೆಂಗಸಿಗೆ ದುಡ್ಡು ಬೇಕು, ಬಿಡುವು ಬೇಕು, ಅಪ್ಪಣೆಯೂ ಬೇಕು. ಟಿ.ವಿ. ನಡುಮನೆಯಲ್ಲೇ ಇದೆ. ಅತ್ತೆ ಸೊಸೆ ಇಬ್ಬರೂ ಅದರ ಮುಂದೆ ಕೂತಿರುತ್ತಾರೆ. ಗಂಗಮ್ಮ ಬಯ್ಯುವಾಗ ಪಕ್ಕದಲ್ಲಿರುವವರ ಮುಖ ನೋಡದೆ ಇರಲಾಗುವುದಿಲ್ಲ. ಕಾಸರವಳ್ಳಿಯವರ ಪತ್ನಿ, ನಟಿ ವೈಶಾಲಿ ಕಾಸರವಳ್ಳಿಯವರೂ ‘ಮೂಡಲ ಮನೆ’, ‘ಮುತ್ತಿನ ತೋರಣ’ಗಳನ್ನು ನಿರ್ದೇಶಿಸಿ ಇದೇ ನಡುಮನೆಯನ್ನು ತಲುಪಿದ್ದರು. ಅವರು 2010ರಲ್ಲಿ ತೀರಿಕೊಂಡರು.

ಆದರೆ ಒಂದು ಎಚ್ಚರ ಬೇಕು. ನಂಜಮ್ಮನನ್ನು ನೋಡಿ ಅತ್ತವರು, “ಹೆಣ್ಣು ಅಂದ್ರೆ ಹೀಗಿರಬೇಕು, ಎಂಥಾ ಸಹನೆ!” ಎಂದುಬಿಡುತ್ತಾರೆ. ಆ ಸಹನೆಯಿಂದ ಅವಳಿಗೆ ದಕ್ಕಿದ್ದೇನು? ಎರಡು ಮಕ್ಕಳು ಪ್ಲೇಗಿಗೆ ಬಲಿಯಾದವು, ಕೊನೆಗೆ ಅವಳೂ ಹೋದಳು. ನಾವು ಗೌರವಿಸಬೇಕಾದದ್ದು ಅವಳ ದುಡಿಮೆಯನ್ನು, ಲೆಕ್ಕ ಕಲಿತ ಛಲವನ್ನು. ಸಹನೆಯನ್ನು ಮೆಚ್ಚಿ ಮಗಳಿಗೆ ಬಳುವಳಿಯಾಗಿ ಕೊಟ್ಟು ಕಳಿಸಬಾರದು.

ಎರಡನೆಯ ಕಥೆ ಈ ಹಾಸನದ್ದೇ. ಇಲ್ಲಿನ ವಕೀಲೆ, ಲೇಖಕಿ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಮಾಡಿದರು. ಹಸೀನಾ ಆಗಿ ನಟಿಸಿದ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಬಾನು ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಇಡೀ ಊರು ಹೆಮ್ಮೆಪಟ್ಟಿತು. ಆದರೆ ಹಸೀನಾ ಕೇಳಿದ ಪ್ರಶ್ನೆಗೆ ಊರು ಉತ್ತರ ಕೊಟ್ಟಿದೆಯೇ?

ಆಟೋ ಓಡಿಸುವ ಗಂಡ, ಹೆಣ್ಣುಮಕ್ಕಳೇ ಆದವೆಂದು ಹೆಂಡತಿಯನ್ನು ಬಿಟ್ಟು ಹೋಗುತ್ತಾನೆ. ಅವಳು ಮುತವಲ್ಲಿಗೆ ಅರ್ಜಿ ಕೊಡುತ್ತಾಳೆ. ಇವತ್ತು ನಾಳೆ ಎಂದು ಮುಂದೂಡುತ್ತಾರೆ. ಆಗ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಬಳಿ ಹೋಗಿ ಕೂರುತ್ತಾಳೆ. ಯಮುನಕ್ಕನನ್ನು ಊರು ಹೊರಗೆ ಹಾಕಿತು, ನಂಜಮ್ಮ ಒಳಗೇ ಬೆಂದಳು, ಹಸೀನಾ ತಾನಾಗಿ ಹೊರಗೆ ಬಂದು ಎಲ್ಲರೆದುರು ಕೇಳಿದಳು. ಅವಳು ಗೆಲ್ಲಲಿಲ್ಲ. ಮಗುವನ್ನು ಕಳೆದುಕೊಂಡಳು. ಆದರೂ ಕೇಳಿದಳಲ್ಲ! ಇದು ಒಂದು ಜಾತಿಯ, ಒಂದು ಧರ್ಮದ ಕಥೆ ಎಂದು ಉಳಿದವರು ಹಗುರಾಗಬೇಡಿ. ನ್ಯಾಯಪಂಚಾಯ್ತಿಯ ಕಟ್ಟೆ ಯಾವ ಬೀದಿಯದಾದರೂ ಹೆಣ್ಣಿಗೆ ಸಿಗುವ ಉತ್ತರ “ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ” ಎಂಬುದೇ.

ನಂಜಮ್ಮನಿಗೆ ಇಲ್ಲದ್ದು ನಮಗೆ ಒಂದಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ನೀಡುವ 2005ರ ಕಾಯ್ದೆ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೊಡೆತ ಮಾತ್ರ ದೌರ್ಜನ್ಯವಲ್ಲ. ಬಯ್ಗುಳ, ಅವಮಾನ, ಗಂಡು ಹೆರಲಿಲ್ಲವೆಂಬ ಚುಚ್ಚುಮಾತು, ಹೆಂಗಸಿನ ಹಣ ಒಡವೆ ಕಸಿಯುವುದು, ಮನೆಖರ್ಚಿಗೆ ಕೊಡದಿರುವುದು ಎಲ್ಲವೂ ದೌರ್ಜನ್ಯವೇ. “ಹೊಡೆಯೋದಿಲ್ಲ, ಏನಂತ ದೂರು ಕೊಡಲಿ” ಎಂಬುದಕ್ಕೆ ಉತ್ತರ ಇಲ್ಲಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ದೂರು ಅಲ್ಲಿಗೆ ಕೊಡಬಹುದು. 181ಕ್ಕೆ ಫೋನ್ ಕೂಡ ಮಾಡಬಹುದು.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ನಿಮ್ಮ ಸಂಘಗಳಲ್ಲಿ ‘ಹಸೀನಾ’ ಚಿತ್ರವನ್ನು ಒಟ್ಟಿಗೆ ಕೂತು ನೋಡಿ, ‘ಗೃಹಭಂಗ’ದ ಒಂದೆರಡು ಅಧ್ಯಾಯ ಓದಿಸಿ. ಮುಗಿದ ಮೇಲೆ ಕಣ್ಣೊರೆಸಿಕೊಂಡು ಎದ್ದು ಹೋಗಬೇಡಿ. ನಮ್ಮ ಮನೆಯಲ್ಲಿ ಲೆಕ್ಕ ಬರೆಯುವವರು ಯಾರು, ರುಜು ಹಾಕುವವರು ಯಾರು ಎಂದು ಒಬ್ಬೊಬ್ಬರೂ ಹೇಳಿ. ಮೊದಲು ಯಾರೂ ಬಾಯಿ ಬಿಡುವುದಿಲ್ಲ. ಒಬ್ಬಳು ಶುರುಮಾಡಿದರೆ ಸಾಕು.